ಲಘು ಗುರುಗಳ ಒಂದು ವ್ಯಾಜ್ಯ

ಮನೆಮಂದಿಯೆಲ್ಲ ಕೂಡಿ ಓದುವ ಈ ಪತ್ರಿಕೆಯಲ್ಲಿ ತಂತಿಯೊಳಗೆ ಹರಿಯುವ ವಿದ್ಯುತ್ತಿನ ಮಾತನ್ನೆತ್ತಿದರೆ ವಾಚಕರು ಹುಬ್ಬು ಗಂಟಿಕ್ಕುವರೇನೋ. ಅದರಲ್ಲಿಯೂ ಆಯುಷ್ಯದ ಬಹುಭಾಗವನ್ನು ಶಬ್ದರೂಪ, ಧಾತುರೂಪ, ಷಟ್ಪದಿಯ ಮಾತ್ರೆ ಇವುಗಳನ್ನು ಪಾಠ ಹೇಳುವುದರಲ್ಲಿಯೇ ಕಳೆದ ಮಾಸ್ತರನೊಬ್ಬನು ಕಂಪ್ಯೂಟರಿನ ಗೋಜಿಗೆ ಹೋಗುವುದು ಅಧಿಕಪ್ರಸಂಗವೆಂದು ಹಲವರಿಗೆ ತೋರಬಹುದು. ಆದರೆ ಕಳೆದ ಬೇಸಗೆಯಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯು, ನಾನು ಓದಿದ ತರ್ಕಶಾಸ್ತ್ರಕ್ಕೂ ನಾನು ಕಲಿಸಿದ ಛಂದಸ್ಸಿಗೂ ನಾನು ಮಾಡಿದ ಒಂದು ತಪ್ಪಿಗೂ ಒಮ್ಮೆಲೇ ಗಂಟು ಹಾಕಿಬಿಟ್ಟಿತು. ಆ ಗಂಟನ್ನು ಬಿಡಿಸಿ ಹೇಳದೆ ಮನಸ್ಸಿಗೆ ಸಮಾಧಾನವಿಲ್ಲವಾದುದರಿಂದ ಇದನ್ನು ಬರೆಯುತ್ತಿರುವೆನು.

ನನ್ನ ಕಿರಿಯ ಮಗಳು ಇಲೆಕ್ಟ್ರಾನಿಕ್ಸ್ ವಿಷಯವನ್ನು ತೆಗೆದುಕೊಂಡು ಇಂಜಿನಿಯರಿಂಗ್ ಓದುತ್ತಿದ್ದಳು. ಕೊನೆಯ ವರ್ಷದವರು ಏನಾದರೊಂದು ಸಣ್ಣ ಯಂತ್ರವನ್ನು ರಚಿಸಿ, ಅದರ ವರದಿಯನ್ನು ಬರೆದು ಒಪ್ಪಿಸಬೇಕು. ಅವಳ ಸೋದರಮಾವನು ಬ್ಯಾಡಗಿಯ ಹತ್ತಿರ ಮೆಣಸಿನಕಾಯಿ ಬೆಳೆಯುವವನು. ಬ್ಯಾಡಗಿ ಮೆಣಸಿನಕಾಯಿಯೆಂದರೆ ಹೇಳಬೇಕೆ! ಖಾರ ಕಡಿಮೆ, ಬಣ್ಣ ಹೆಚ್ಚು, ಮೈಯೆಲ್ಲ ನೆರಿಗೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿರುವುದು. ಆದರೆ ಕಣದಲ್ಲಿ ಹರವಿದ ಕಾಯಿ ಒಣಗುವ ಕಾಲದಲ್ಲಿ ಗಾಳಿಗೆ ತೇವವೇರಿದರೆ ಬೂಷ್ಟು ಹಿಡಿದು ಬಣ್ಣ ಕೆಡುವುದು. ವರ್ಷದ ದುಡಿಮೆ ಎರಡು ರಾತ್ರಿಯಲ್ಲಿ ಹಾಳು. ಆದುದರಿಂದ ಗಾಳಿಯ ತೇವವನ್ನು ಅಳೆದು, ಮಿತಿ ಮೀರಿದೊಡನೆ ಗಂಟೆ ಬಾರಿಸಿ, ತಾಡಪತ್ರಿ ಮುಚ್ಚಿರೆಂದು ಎಚ್ಚರಿಸುವ ಒಂದು ಯಂತ್ರವನ್ನು ಮಾಡುವೆನೆಂದು ಹುಡುಗಿಯು ಹೊರಟಳು. ಮಾವನಿಗೆ ಹಿಗ್ಗು, ಅವಳ ತಾಯಿಗೆ ಹೆಮ್ಮೆ. ನನಗೆ ಮಾತ್ರ ಅದರಲ್ಲಿ ತಿಳಿಯುವುದೇನೂ ಇರಲಾರದೆಂದು ನಾನು ಸುಮ್ಮನಿದ್ದೆನು.

ಒಂದು ಸಂಜೆ ಅವಳು ನನ್ನ ಹತ್ತಿರ ಬಂದು, "ಅಪ್ಪಾ, ಈ ಯಂತ್ರ ನಿಮ್ಮ ಭಾಷಾದಾಗನ ಮಾತಾಡ್ತೈತ್ರಿ" ಎಂದಳು. ಪರಿಹಾಸವೆಂದುಕೊಂಡೆನು, ಅಲ್ಲ. ತೇವವನ್ನು ಅಳೆಯುವ ಉಪಕರಣಕ್ಕೆ ಡಿ.ಎಚ್.ಟಿ. 11 ಎಂದು ಹೆಸರು. ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ನೀಲಿ ಬಣ್ಣದ ಗೂಡು. ಅದು ತಾನು ಕಂಡುದನ್ನು ಒಂದೇ ತಂತಿಯ ಮೂಲಕ ಹೇಳಬೇಕು. ಹೇಗೆ ಹೇಳುವುದು? ತಂತಿಯಲ್ಲಿ ವಿದ್ಯುತ್ತು ತಗ್ಗಿರುವುದು ಅಥವಾ ಎದ್ದಿರುವುದು, ಇವೆರಡೇ ಅವಸ್ಥೆಗಳು. ಪ್ರತಿ ಅಂಕಕ್ಕೂ ಮೊದಲು 50 ಮೈಕ್ರೊಸೆಕೆಂಡು, ಎಂದರೆ ಸೆಕೆಂಡಿನ ಹತ್ತು ಲಕ್ಷ ಪಾಲುಗಳಲ್ಲಿ 50 ಪಾಲು, ಅದು ತಗ್ಗಿರುವುದು. ಅನಂತರ ಏಳುವುದು. ಎದ್ದದ್ದು 26ರಿಂದ 28 ಮೈಕ್ರೊಸೆಕೆಂಡಿಗೆ ಬಿದ್ದರೆ ಅದು ಸೊನ್ನೆ. 70ರವರೆಗೆ ನಿಂತರೆ ಅದು ಒಂದು. ಹೀಗೆ 40 ಅಂಕಗಳು: ತೇವಕ್ಕೆ 16, ಉಷ್ಣಕ್ಕೆ 16, ಕೊನೆಯ 8 ಅಂಕಗಳು ಮೊದಲಿನವುಗಳನ್ನು ಕೂಡಿಸಿ ತಾಳೆ ನೋಡುವುದಕ್ಕೆ.

ನಾನು ಬೆರಗಾದೆನು. ಹ್ರಸ್ವವು ಒಂದು ಮಾತ್ರೆ, ದೀರ್ಘವು ಎರಡು. ಲಘು ಗುರುಗಳ ಸರಣಿಯೇ ಪದ್ಯದ ಮೈ. ಪಿಂಗಳನು ಇವೆರಡನ್ನೇ ಹಿಡಿದು ಪ್ರಸ್ತಾರವನ್ನು ಬೆಳೆಸಿದನು. ಕಾಗಿನೆಲೆಯು ಬ್ಯಾಡಗಿ ತಾಲೂಕಿನದೇ. ಕನಕದಾಸರು ನಳಚರಿತ್ರೆಗೆ ಆರಿಸಿಕೊಂಡ ಭಾಮಿನೀ ಷಟ್ಪದಿಯಲ್ಲಿ ಮೂರು ನಾಲ್ಕು, ಮೂರು ನಾಲ್ಕು ಎಂದು ಎಣಿಸಿ 14 ಮಾತ್ರೆ ಬಾರದಿದ್ದರೆ ಸಾಲು ಎಲ್ಲಿಯೋ ಕೆಟ್ಟಿದೆಯೆಂದು ಹುಡುಗರಿಗೆ ಹೇಳುತ್ತಿದ್ದೆನು. ಆ ಎಣಿಕೆಯೂ ತಾಳೆ ನೋಡುವ ಉಪಾಯವೇ. ಗಾಳಿಯ ತೇವ ನೂರಕ್ಕೆ 53 ಎಂದು ಹೇಳಬೇಕಾದರೆ ಆ ನೀಲಿ ಗೂಡು ಲಘು ಲಘು ಗುರು ಗುರು, ಲಘು ಗುರು ಲಘು ಗುರು ಎಂದು ಮಿಡಿಯುವುದಂತೆ! ನಾನು ಪ್ರತಿನಿತ್ಯ ಕರಿಯ ಹಲಗೆಯ ಮೇಲೆ ಬರೆದುದನ್ನು ತಂತಿಯು ಕಣ್ಣೆವೆ ಮುಚ್ಚುವುದರೊಳಗೆ ಹಾಡಿ ಮುಗಿಸುವುದು. ಅಂದಿನಿಂದ ಅವಳ ಕೆಲಸದಲ್ಲಿ ನನಗೂ ಪಾಲು ಬಂದಿತು. ಸೊನ್ನೆಗೆ ಲಘು, ಒಂದಕ್ಕೆ ಗುರು ಎಂದು ಹೆಸರಿಡಲು ಹೇಳಿದವನೂ ನಾನೇ. ಅವಳು ಸಂತೋಷದಿಂದ ಒಪ್ಪಿ, ವರದಿಯ ಚಿತ್ರದಲ್ಲಿ ಪ್ರತಿ ಎತ್ತರದ ಮೇಲೆಯೂ "ಲಘು 27", "ಗುರು 70" ಎಂದೂ, ಸಾಲಿನ ಎಡಕ್ಕೆ "ಆರ್ದ್ರತೆ" ಎಂದೂ ಕನ್ನಡದಲ್ಲಿಯೇ ಬರೆದಳು.

ಆ ಚಿತ್ರವನ್ನು ಕಾಲಚಿತ್ರವೆನ್ನೋಣ. ಅದನ್ನು ಕೈಯಿಂದ ಗೆರೆಯೆಳೆದು ಬರೆಯುವುದಿಲ್ಲ. ವೇವ್‌ಡ್ರಾಮ್ ಎಂಬೊಂದು ತಂತ್ರಾಂಶವುಂಟು, ಹಣವಿಲ್ಲದೆ ದೊರೆಯುವುದು. ಅದಕ್ಕೆ ಅಕ್ಷರಗಳಲ್ಲಿ ಹೇಳಿದರೆ ಸಾಕು, ಗೆರೆಯನ್ನು ಅದೇ ಎಳೆಯುವುದು. ತಗ್ಗಿಗೆ ಸೊನ್ನೆ, ಎತ್ತರಕ್ಕೆ ಒಂದು. ಹಿಂದಿನ ಅವಸ್ಥೆಯೇ ಮುಂದುವರಿಯಬೇಕಾದರೆ ಒಂದು ಚುಕ್ಕಿ. ಒಂದು ಚುಕ್ಕಿಗೆ ಸುಮಾರು 25 ಮೈಕ್ರೊಸೆಕೆಂಡು ಎಂದು ಅವಳು ಲೆಕ್ಕವಿಟ್ಟುಕೊಂಡಿದ್ದಳು. ಆದುದರಿಂದ ತಗ್ಗಿಗೆ ಎರಡು ಮನೆ, ಲಘುವಿಗೆ ಒಂದು ಮನೆ, ಗುರುವಿಗೆ ಮೂರು ಮನೆ. ಒಂದು ಚುಕ್ಕಿ ತಪ್ಪಿದರೆ ಮಾತ್ರೆ ತಪ್ಪಿತು. ನಾನು ಕನ್ನಡಕವೇರಿಸಿ ಎರಡು ಬಾರಿ ಎಣಿಸಿದೆನು, ಸರಿಯಾಗಿತ್ತು.

ವರದಿಯನ್ನು ಅಚ್ಚು ಮಾಡಿಸಿ ರಟ್ಟು ಕಟ್ಟಿಸಲು ರಾಣೇಬೆನ್ನೂರಿನ ಒಂದು ಅಂಗಡಿಗೆ ಕೊಟ್ಟೆವು. ಬಂದ ಪ್ರತಿಯನ್ನು ತೆರೆದು ನೋಡದೆ ಹುಡುಗಿಯು ಅವಸರದಿಂದ ಕಾಲೇಜಿಗೆ ಒಯ್ದಳು. ಸಂಜೆ ಬಂದವಳ ಮುಖ ಬಾಡಿತ್ತು. ಮಾರ್ಗದರ್ಶಕರಾದ ಅಧ್ಯಾಪಕರು ಕಾಲಚಿತ್ರದ ಪುಟವನ್ನು ತೆರೆದು, ಅಳತೆಯೇ ಸುಳ್ಳೆಂದರಂತೆ. ಅವರು ಹೇಳಿದುದರಲ್ಲಿ ತಪ್ಪೇನೂ ಇರಲಿಲ್ಲ. ಪುಟದ ಮೇಲೆ ಇದ್ದುದು ಹೀಗೆ: ನೇರವಾಗಿ ಹೋಗಬೇಕಾದ ಗೆರೆಗಳು ಒಂದೂ ಇಲ್ಲ, ಗೆರೆಯು ಏರುವಲ್ಲಿ, ಇಳಿಯುವಲ್ಲಿ ಕಪ್ಪು ತ್ರಿಕೋಣಗಳು, "ಲಘು 27" ಎಂಬ ಮಾತು ಎತ್ತರದ ಮೇಲಿರದೆ ಅದರಾಚೆಯ ತಗ್ಗಿನ ಮೇಲೆ ಜಾರಿ ಕುಳಿತಿದೆ. ತಗ್ಗು 50ರದು. ನೋಡಿದವರಿಗೆ, 50ರ ಅಗಲಕ್ಕೆ 27 ಎಂದು ಬರೆದಂತೆ ಕಾಣುವುದು! "ಆರ್ದ್ರತೆ" ಎಂಬ ಶಬ್ದದ ಗತಿಯಂತೂ ಹೇಳತೀರದು. ಒತ್ತುಗಳೆಲ್ಲ ಕಳಚಿಬಿದ್ದು, ರಕಾರ ದಕಾರಗಳು ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಕ್ಕಳಂತೆ ಬೇರೆ ಬೇರೆ ನಿಂತಿದ್ದವು. ಅಳತೆಯನ್ನೇ ತಿಳಿಯದವಳು ಯಂತ್ರವನ್ನು ಸ್ವಂತವಾಗಿ ಮಾಡಿದಳೆಂದು ನಂಬುವುದು ಹೇಗೆ ಎಂಬುದು ಅವರ ಪ್ರಶ್ನೆ. ಮೂರು ದಿನಗಳೊಳಗೆ ಸಮಾಧಾನ ಹೇಳಬೇಕೆಂದು ಗಡುವು.

"ಅಪ್ಪಾ, ನಾ ಬರದದ್ದು ಹಿಂಗಿಲ್ರಿ" ಎಂದು ಅವಳು ಕಣ್ಣೀರು ತಂದುಕೊಂಡಳು. ಎರಡು ಬಾರಿ ಎಣಿಸಿ ನೋಡಿದವನು ನಾನು. ಆದರೂ ಅಚ್ಚಾದ ಪುಟವನ್ನು ಕಂಡೊಡನೆ ನನ್ನ ಬಾಯಿಂದ ಬಂದ ಮಾತೇನು? "ನಿನ್ನ ಅವಸರ ನನಗ ಗೊತ್ತಿಲ್ಲೇನು? ಎಲ್ಲ್ಯರ ಚುಕ್ಕಿ ತಪ್ಪಿಸಿರಬೇಕು!" ಅಚ್ಚಿಗೆ ಅದೆಂತಹ ಮಹಿಮೆ ನೋಡಿರಿ; ನಮ್ಮ ಕಣ್ಣಾರೆ ಕಂಡುದನ್ನೂ ಅದು ಸುಳ್ಳು ಮಾಡಬಲ್ಲುದು. ಹುಡುಗಿಯು ಮರುಮಾತಾಡದೆ ಒಳಗೆ ಹೋದಳು. ರಾತ್ರಿ ಅವಳ ತಾಯಿಯು, "ಹುಡುಗಿ ಉಂಡಿಲ್ಲ" ಎಂದಷ್ಟೇ ಹೇಳಿದಳು. ನನಗೆ ನಿದ್ದೆ ಬರಲಿಲ್ಲ.

ಬೆಳಗಾಗುವಷ್ಟರಲ್ಲಿ ಹಳೆಯ ಪಾಠವೊಂದು ನೆನಪಿಗೆ ಬಂದಿತು. ಕಾರಣವನ್ನು ನಿಶ್ಚಯಿಸುವುದಕ್ಕೆ ನಮ್ಮ ತಾರ್ಕಿಕರು ಹೇಳಿದ ದಾರಿ ಅನ್ವಯ ವ್ಯತಿರೇಕಗಳು. ಇದು ಇದ್ದರೆ ಅದು ಇರುವುದು. ಇದು ಇಲ್ಲದಿದ್ದರೆ ಅದೂ ಇಲ್ಲದಿರುವುದು. ಇವೆರಡೂ ಕೂಡಿದಲ್ಲಿ ಮಾತ್ರ ಇದು ಅದಕ್ಕೆ ಕಾರಣ. ನಾನು ಇದನ್ನು ಪರೀಕ್ಷೆಗಾಗಿ ಕಂಠಪಾಠ ಮಾಡಿದ್ದೆನೇ ಹೊರತು ಜೀವಮಾನದಲ್ಲಿ ಒಮ್ಮೆಯೂ ಪ್ರಯೋಗಿಸಿರಲಿಲ್ಲ. ಮಗಳನ್ನು ಎಬ್ಬಿಸಿ, "ನಡಿ, ರಾಣೇಬೆನ್ನೂರಿಗೆ ಹೋಗೂಣು" ಎಂದೆನು. ಹಾವೇರಿಯಲ್ಲಿ ಗಾಡಿಯನ್ನು ಹತ್ತಿದೆವು. ಬ್ಯಾಡಗಿ ಸ್ಟೇಷನ್ ದಾಟುವವರೆಗೆ ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವಳೇ, "ಎಲ್ಲಿಂದ ಶುರು ಮಾಡೂದ್ರಿ?" ಎಂದು ಕೇಳಿದಳು.

ಮೊದಲು ಮೂಲವನ್ನು ನೋಡಿದೆವು. ವರದಿಯ ಕೊನೆಯಲ್ಲಿ ಅವಳು ಚಿತ್ರದ ಮೂಲಾಕ್ಷರಗಳನ್ನೂ ಅಚ್ಚು ಹಾಕಿಸಿದ್ದಳು. ಅದನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿದಾಗ, ಮೂರು ಚುಕ್ಕಿಗಳು ಒಟ್ಟಿಗೆ ಬಂದಲ್ಲೆಲ್ಲ ಅವು ಕೂಡಿ ಒಂದೇ ಚಿಹ್ನೆಯಾಗಿದ್ದವು. ಪತ್ರ ಬರೆಯುವ ತಂತ್ರಾಂಶವು ತಾನಾಗಿ ಮಾಡಿದ "ತಿದ್ದುಪಡಿ" ಅದು. ಸಿಕ್ಕಿತು ಕಾರಣವೆಂದು ನಾನು ಕೂಗಿದೆನು. ಹುಡುಗಿಯು ತಲೆಯಲ್ಲಾಡಿಸಿದಳು: ಚಿತ್ರವು ಈ ಪ್ರತಿಯಿಂದ ಆದುದಲ್ಲ, ಬೇರೆ ಕಡತದಿಂದ ಆದುದು, ಆ ಕಡತದಲ್ಲಿ ಚುಕ್ಕಿಗಳು ಸರಿಯಾಗಿಯೇ ಇವೆ. ನನಗೆ ನಗು ಬಂದಿತು. ಗಡಿಗೆ ಆಗುವಾಗ ಕುಂಬಾರನ ಕತ್ತೆಯೂ ಹತ್ತಿರದಲ್ಲಿ ನಿಂತಿರುವುದು; ಆದರೆ ಗಡಿಗೆಗೆ ಕತ್ತೆಯು ಕಾರಣವಲ್ಲವೆಂದು ತರ್ಕದಲ್ಲಿ ಓದಿದವನೇ ನಾನು. ದೋಷವಿದ್ದುದು ನಿಜ, ಅದನ್ನು ತಿದ್ದಲೂ ಬೇಕು; ಆದರೆ ನಾವು ಹುಡುಕುತ್ತಿದ್ದ ದೋಷ ಅದಲ್ಲ.

ಅಂಗಡಿಯವನು ಸಜ್ಜನ. "ಸರ, ನೀವು ಕೊಟ್ಟದ್ದನ್ನ ಹಂಗ ಛಾಪಿಸೇವ್ರಿ, ನಾವು ಕೈ ಹಚ್ಚಿಲ್ಲ" ಎಂದು ಮೊದಲು ಹೇಳಿದರೂ, ತನ್ನ ಯಂತ್ರದ ಮುಂದೆ ನಮಗೆ ಎಡೆ ಮಾಡಿಕೊಟ್ಟನು. ಅಲ್ಲಿ ಮೂರು ಪರೀಕ್ಷೆಗಳನ್ನು ಮಾಡಿದೆವು. ಒಂದೊಂದು ಬಾರಿಗೆ ಒಂದನ್ನೇ ಬದಲಾಯಿಸಬೇಕೆಂಬುದು ನನ್ನ ಕಟ್ಟಪ್ಪಣೆ.

ಒಂದನೆಯದು: ಅದೇ ಯಂತ್ರದಲ್ಲಿ, ಅದೇ ಕಡತವನ್ನು, ಜಾಲವನ್ನು ನೋಡುವ ಬ್ರೌಸರಿನಲ್ಲಿ ತೆರೆದೆವು. ಆಶ್ಚರ್ಯ! ಗೆರೆಗಳು ನಮ್ಮ ಮನೆಯಲ್ಲಿದ್ದಂತೆಯೇ ನಿಂತವು. ಅಕ್ಷರಗಳ ಮೈಕಟ್ಟು ಮಾತ್ರ ಸ್ವಲ್ಪ ಬೇರೆ. ಆದುದರಿಂದ ಯಂತ್ರವು ನಿರಪರಾಧಿ, ಕಡತವೂ ನಿರಪರಾಧಿ. ಎರಡನೆಯದು: ಅಂಗಡಿಯವನು ಪುಟ ಜೋಡಿಸುವ ತಂತ್ರಾಂಶದಲ್ಲಿ ತೆರೆದೆವು. ಕಪ್ಪು ತ್ರಿಕೋಣಗಳು ಕೂಡಲೇ ಪ್ರತ್ಯಕ್ಷವಾದವು. ಮೂರನೆಯದು: ಕನ್ನಡದ ಮಾತುಗಳನ್ನೆಲ್ಲ ತೆಗೆದು ಬರಿಯ 27, 70 ಎಂಬ ಅಂಕಿಗಳನ್ನು ಇಟ್ಟು, ಅದೇ ತಂತ್ರಾಂಶದಲ್ಲಿ ಪುನಃ ತೆರೆದೆವು. ತ್ರಿಕೋಣಗಳು ಹೋಗಲಿಲ್ಲ, ಅಂಕಿಗಳು ಬಲಕ್ಕೆ ಜಾರಿಯೇ ಇದ್ದವು, ಆದರೆ ಮುರಿದ ಅಕ್ಷರಗಳ ಬಾಧೆ ಇಲ್ಲವಾಯಿತು. ಎಂದರೆ ರೋಗ ಒಂದಲ್ಲ, ಎರಡು. ಒಂದೇ ಪುಟದ ಮೇಲೆ ಕೂಡಿ ಕಾಣಿಸಿಕೊಂಡುದರಿಂದ ನಾವು ಒಂದೆಂದು ಭ್ರಮಿಸಿದ್ದೆವು. ಎರಡು ರೋಗಗಳಿಗೆ ಒಂದೇ ಮದ್ದನ್ನು ಹುಡುಕುತ್ತ ಹೋಗಿದ್ದರೆ ಮೂರು ದಿನವೇಕೆ, ಮೂರು ತಿಂಗಳಾದರೂ ಸಾಲುತ್ತಿರಲಿಲ್ಲ.

ಇನ್ನು ಮೊದಲನೆಯ ರೋಗದ ನಿದಾನ. ನಾವು ಪೆನ್ ಡ್ರೈವಿನಲ್ಲಿ ಒಯ್ದುದು ಚಿತ್ರವೆಂದು ತಿಳಿದಿದ್ದೆವು. ಅದು ಚಿತ್ರವಲ್ಲ, ಚಿತ್ರದ ವರ್ಣನೆ. ಎಸ್.ವಿ.ಜಿ. ಎಂಬ ಈ ಬಗೆಯ ಕಡತಕ್ಕೆ 2001ರಲ್ಲಿ ಜಗತ್ತಿಗೆಲ್ಲ ಸಮಾನವಾದ ನಿಯಮಗಳು ಏರ್ಪಟ್ಟವು. ಇಲ್ಲಿಂದ ಅಲ್ಲಿಗೆ ಗೆರೆ, ಅದರ ಬಣ್ಣ ಇಂಥದು, ಒಳಗೆ ಏನನ್ನೂ ತುಂಬಬೇಡ, ಈ ಮಾತನ್ನು ಬಿಂದುವಿನ ನಡುವೆ ನಿಲ್ಲಿಸು ಎಂದು ಅದರಲ್ಲಿ ಬರೆದಿರುವುದು. ಓದುವ ತಂತ್ರಾಂಶವು ಪ್ರತಿಸಾರಿಯೂ ಹೊಸದಾಗಿ ಚಿತ್ರವನ್ನು ಬಿಡಿಸಬೇಕು. ರೂಪದ ಸೂಚನೆಗಳು ಇಲ್ಲದಿದ್ದಲ್ಲಿ ಏನು ಮಾಡಬೇಕೆಂಬುದಕ್ಕೂ ನಿಯಮವುಂಟು. ಗೆರೆಗೆ ಬಣ್ಣ ಹೇಳದಿದ್ದರೆ ಗೆರೆಯನ್ನೇ ಎಳೆಯಬಾರದು. ಒಳಭಾಗಕ್ಕೆ ಬಣ್ಣ ಹೇಳದಿದ್ದರೆ ಕಪ್ಪನ್ನು ತುಂಬಬೇಕು. ಮಾತನ್ನು ಎಲ್ಲಿ ನಿಲ್ಲಿಸಬೇಕೆಂದು ಹೇಳದಿದ್ದರೆ ಬಿಂದುವಿನಿಂದ ಮುಂದಕ್ಕೆ ಬರೆಯಬೇಕು. ನಮ್ಮ ಪುಟದಲ್ಲಿ ಆದುದು ಇವೇ ಮೂರು! ನೇರ ಗೆರೆಗಳು ಮಾಯ. ಓರೆ ಏರಿಳಿತಗಳಲ್ಲಿ ಕಪ್ಪು. ನಡುವೆ ನಿಲ್ಲಬೇಕಾದ "ಲಘು 27" ನಡುವಿನಿಂದ ಹೊರಟು ತಗ್ಗಿನ ಮೇಲೆ. ಆ ಪುಟ ಜೋಡಿಸುವ ತಂತ್ರಾಂಶಕ್ಕೆ ಆಕಾರವು ತಿಳಿಯಿತು, ರೂಪದ ಸೂಚನೆ ತಿಳಿಯಲಿಲ್ಲ. ಅದು ಹುಚ್ಚುಹುಚ್ಚಾಗಿ ನಡೆದುಕೊಂಡಿತೆಂದು ನಾವೆಣಿಸಿದುದು ತಪ್ಪು. ಕಿವಿ ಅರ್ಧ ಕೇಳುವ ವಿಧೇಯ ಸೇವಕನಂತೆ, ಕೇಳಿಸಿದಷ್ಟನ್ನು ನಿಯಮ ತಪ್ಪದೆ ಮಾಡಿತ್ತು.

ಎರಡನೆಯ ರೋಗವು ಕನ್ನಡದ್ದು. "ಆರ್ದ್ರತೆ" ಎಂಬಲ್ಲಿ ನಮ್ಮ ಕಣ್ಣಿಗೆ ಕಾಣುವ ಸಂಯುಕ್ತಾಕ್ಷರವು ಕಂಪ್ಯೂಟರಿನ ಹೊಟ್ಟೆಯಲ್ಲಿ ಸಂಯುಕ್ತವಾಗಿರುವುದಿಲ್ಲ. 1991ರ ಯುನಿಕೋಡ್ ಸಂಕೇತದಿಂದ ಮೊದಲ್ಗೊಂಡು ಅದನ್ನು ರಕಾರ, ಹಲಂತ, ದಕಾರ, ಹಲಂತ, ರಕಾರ ಎಂದು ಬಿಡಿಬಿಡಿಯಾಗಿ ಇಡುವ ಪದ್ಧತಿ. ಸಂಧಿ ಮಾಡಿ, ಅರ್ಕಾವತ್ತನ್ನೂ ಒತ್ತನ್ನೂ ಅದರದರ ಸ್ಥಾನಕ್ಕೆ ಸೇರಿಸುವುದು ಓದುವ ತಂತ್ರಾಂಶದ ಮತ್ತು ಅಲ್ಲಿರುವ ಫಾಂಟಿನ ಕೆಲಸ. ಆ ಪದ್ಧತಿಯು ರೂಢಿಗೆ ಬರುವ ಮೊದಲಿನ ನುಡಿ, ಬರಹಗಳ ಕಾಲದ ಫಾಂಟುಗಳಲ್ಲಿ ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂರಿಸುತ್ತಿದ್ದರು. ಆ ಫಾಂಟಿಲ್ಲದ ಊರಿನಲ್ಲಿ ಕನ್ನಡದ ಪತ್ರವು ಅರ್ಥವಿಲ್ಲದ ಇಂಗ್ಲಿಷಾಗಿ ಕಾಣುತ್ತಿದ್ದುದನ್ನು ಶಾಲೆಯ ಕಚೇರಿಯಲ್ಲಿ ಎಷ್ಟು ಸಾರಿ ಕಂಡಿಲ್ಲ! ಯುನಿಕೋಡಿನಿಂದ ಆ ಅನರ್ಥ ತಪ್ಪಿತು. ಆದರೆ ಸಂಧಿಕಾರ್ಯವನ್ನರಿಯದ ತಂತ್ರಾಂಶದ ಕೈಗೆ ಸಿಕ್ಕರೆ ಈಗಲೂ ಪದಚ್ಛೇದವಲ್ಲ, ಅಕ್ಷರಚ್ಛೇದವೇ ಆಗುವುದು.

ಔಷಧವು ಸುಲಭ. ಸರಿಯಾಗಿ ಕಾಣುವ ಬ್ರೌಸರಿನಿಂದಲೇ ಚಿತ್ರವನ್ನು ಪಿ.ಡಿ.ಎಫ್. ಆಗಿ ತೆಗೆದರೆ ಅಕ್ಷರದ ಅಚ್ಚುಗಳು ಅದರೊಳಗೇ ಅಡಗಿ ಬರುವುವು. ಇಂಕ್‌ಸ್ಕೇಪ್ ಎಂಬ ತಂತ್ರಾಂಶದಲ್ಲಿ ಅಕ್ಷರಗಳನ್ನೇ ಗೆರೆಗಳನ್ನಾಗಿ ಮಾರ್ಪಡಿಸಲೂಬಹುದು. ಆಗ ಫಾಂಟಿನ ಹಂಗೇ ಇಲ್ಲ, ಆದರೆ ಮುಂದೆ ಅಕ್ಷರವನ್ನು ತಿದ್ದಲು ಬಾರದಾದುದರಿಂದ ಮೂಲವನ್ನು ಬೇರೆಯಾಗಿ ಕಾಪಾಡಿಕೊಳ್ಳಬೇಕು. ರಟ್ಟು ಕಟ್ಟುವ ಮೊದಲು ಒಂದು ಪುಟವನ್ನು ಅಚ್ಚು ತೆಗೆಸಿ ಕಣ್ಣಿಂದ ನೋಡಬೇಕು. ಇವು ಹುಡುಗಿಯ ಉಪಾಯಗಳು. ನಾನು ಒಂದನ್ನು ಸೇರಿಸಿದೆನು. ತಂತಿಯ ಮಾತಿಗೆ ಕೊನೆಯಲ್ಲಿ ತಾಳೆಯ ಎಂಟು ಅಂಕಗಳಿವೆ. ಹಾವೇರಿಯಿಂದ ರಾಣೇಬೆನ್ನೂರಿಗೆ ಹೋದ ಚಿತ್ರಕ್ಕೆ ಮಾತ್ರ ತಾಳೆಯಿರಲಿಲ್ಲ. ಆದುದರಿಂದ ಚಿತ್ರದ ಕೆಳಗೆ ಬರಿಯ ಮಾತಿನಲ್ಲಿ, "ಇಲ್ಲಿ ಎಂಟು ಅಂಕಗಳಿವೆ, ನಾಲ್ಕು ಲಘು, ನಾಲ್ಕು ಗುರು, ಒಟ್ಟು ಅರ್ಥ 53" ಎಂದು ಬರೆಯಿಸಿದೆನು. ಚಿತ್ರ ಕೆಟ್ಟರೆ ಮಾತು ಸಾಕ್ಷಿ ಹೇಳುವುದು.

ಗಡುವಿನ ದಿನ ಹುಡುಗಿಯು ಹಳೆಯ ಪುಟ, ಹೊಸ ಪುಟ ಎರಡನ್ನೂ ಒಯ್ದು ಅಧ್ಯಾಪಕರ ಮುಂದೆ ಇಟ್ಟು, ಮೂರು ಪರೀಕ್ಷೆಗಳನ್ನೂ ವಿವರಿಸಿದಳು. ಅವರು ವಯಸ್ಸಿನಲ್ಲಿ ಚಿಕ್ಕವರು. ಎಲ್ಲವನ್ನೂ ಕೇಳಿ, ಮೂಲವನ್ನು ಕೇಳದೆ ಆಡಿದುದು ತಮ್ಮ ತಪ್ಪೆಂದು ಉಳಿದ ವಿದ್ಯಾರ್ಥಿಗಳ ಎದುರಿನಲ್ಲಿಯೇ ಹೇಳಿದರಂತೆ. ಮಗಳು ಇದನ್ನು ಹಿಗ್ಗಿನಿಂದ ಹೇಳುತ್ತಿದ್ದಾಗ ನಾನು ಎದ್ದು ಹೊರಗಿನ ಕಟ್ಟೆಯ ಮೇಲೆ ಹೋಗಿ ಕುಳಿತೆನು.

ಅದಕ್ಕೆ ಕಾರಣವಿತ್ತು. 1995ರ ಸುಮಾರಿಗೆ ನಾನು ಹತ್ತನೆಯ ತರಗತಿಗೆ ಕನ್ನಡ ಹೇಳುತ್ತಿದ್ದೆನು. ಭಾಮಿನಿಯ ಒಂದು ಸಾಲಿಗೆ ಪ್ರಸ್ತಾರ ಹಾಕಲು ಕೊಟ್ಟಾಗ ಒಬ್ಬ ಹುಡುಗನು ಲಘು ಗುರು ಚಿಹ್ನೆಗಳನ್ನೆಲ್ಲ ಒಂದೊಂದು ಅಕ್ಷರದಷ್ಟು ಬಲಕ್ಕೆ ಸರಿಸಿ ಬರೆದಿದ್ದನು. ಸೊನ್ನೆ ಕೊಟ್ಟೆನು, ಹಾಗೆಯೇ ಪುಸ್ತಕದಲ್ಲಿದೆಯೆಂದು ಎದುರು ಹೇಳಿದನೆಂದು ತರಗತಿ ಮುಗಿಯುವವರೆಗೆ ಬೆಂಚಿನ ಮೇಲೆ ನಿಲ್ಲಿಸಿದೆನು. ಎರಡು ದಿನಗಳಾದ ಮೇಲೆ ಅವನು ಓದುತ್ತಿದ್ದ ಮಾರ್ಗದರ್ಶಿ ಪುಸ್ತಕವು ನನ್ನ ಕೈಗೆ ಬಂದಿತು. ಅಕ್ಷರದ ಸಾಲಿನ ಮೇಲೆ ಚಿಹ್ನೆಗಳ ಸಾಲನ್ನು ಬೇರೆಯಾಗಿ ಜೋಡಿಸುವಾಗ ಅಚ್ಚುಮೊಳೆಗಳು ಜಾರಿದ್ದವು. ಹುಡುಗನು ಇದ್ದುದನ್ನು ಇದ್ದಂತೆಯೇ ಬರೆದಿದ್ದನು. ಅವನ ಚಿಹ್ನೆಗಳನ್ನು ಎಣಿಸಿದ್ದರೆ 14 ಮಾತ್ರೆ ಸರಿಯಾಗಿ ಬರುತ್ತಿದ್ದಿತು; ಸ್ಥಾನ ಮಾತ್ರ ಜಾರಿದೆಯೆಂದು ಆಗಲೇ ತಿಳಿಯಬಹುದಾಗಿತ್ತು. ನಾನು ಎಣಿಸಲಿಲ್ಲ. ತಿಳಿದ ಮೇಲೆಯೂ ಬಾಯಿ ಬಿಡಲಿಲ್ಲ. ಮಾಸ್ತರನು ಹುಡುಗನಿಗೆ ತಪ್ಪೊಪ್ಪಿಕೊಂಡರೆ ತರಗತಿಯಲ್ಲಿ ಮರ್ಯಾದೆ ಉಳಿಯುವುದೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆನು.

ಆತನು ಈಗ ಬ್ಯಾಡಗಿಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವನೆಂದು ಮೈದುನನಿಂದ ತಿಳಿದು, ಆ ವಾರವೇ ಫೋನ್ ಮಾಡಿದೆನು. ಮೊದಲು ಅವನಿಗೆ ಗಾಬರಿ. ಮಾಸ್ತರರು ಏತಕ್ಕೆ ಕರೆದರೋ ಎಂದು. ನಾನು ಪುಸ್ತಕದ ಸಂಗತಿಯನ್ನೆಲ್ಲ ಹೇಳಿ, ತಪ್ಪು ನನ್ನದಾಗಿತ್ತೆಂದೆನು. ಅತ್ತಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಮೆಲ್ಲನೆ ನಕ್ಕು, "ಪ್ರಸ್ತಾರ ಗಿಸ್ತಾರ ಒಂದೂ ನೆನಪಿಲ್ರಿ ಸರ. ನಿಂತದ್ದು ನೆನಪೈತ್ರಿ" ಎಂದನು.

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅವನೇ ಮಾತು ಬದಲಿಸಿ, ಮಗಳ ಯಂತ್ರದ ಸುದ್ದಿಯನ್ನು ಕೇಳಿ, ಈಗ ಅದು ಮಾವನ ಕಣದಲ್ಲಿ ತೂಗುಹಾಕಿದೆಯೆಂದು ತಿಳಿದು ಸಂತೋಷಪಟ್ಟನು. ಸುಗ್ಗಿಗೆ ಬ್ಯಾಡಗಿಗೆ ಬರಬೇಕು, ಬಂದಾಗ ತಮ್ಮ ಮನೆಯಲ್ಲಿಯೇ ಊಟವಾಗಬೇಕು ಎಂದು ಕರೆದನು. ಹೋಗಬೇಕೆಂದು ನಿಶ್ಚಯಿಸಿರುವೆನು.